ಟೈಲ್ ಮುಚ್ಚುವ ಮುನ್ನ: ಬಚ್ಚಲುಮನೆಯ ನೆಲದಡಿ ಹೀಟಿಂಗ್ ಕೇಬಲ್ ಹಾಸುವ ಕ್ರಮ

ಬೆಂಗಳೂರನ್ನು ಚಳಿಯ ಊರೆಂದು ಯಾರೂ ಕರೆಯುವುದಿಲ್ಲ. ಇಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಷ್ಟು ಹಿಂದಿನ ಮಾತು. ಈಗ ಜನವರಿಯ ಬೆಳಗಿನ ಜಾವದಲ್ಲಿ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ. ಹಾಗಿದ್ದರೂ ಎಪ್ಪತ್ತು ದಾಟಿದವರು ಬೆಳಗ್ಗೆ ಐದೂವರೆಗೆ ಬರಿಗಾಲಿನಲ್ಲಿ ಬಚ್ಚಲುಮನೆಯ ಗ್ರಾನೈಟ್ ಮೇಲೆ ಕಾಲಿಟ್ಟರೆ ಚಳಿ ಪಾದದಿಂದ ಮೊಣಕಾಲಿನವರೆಗೆ ಏರುತ್ತದೆ. ಕಲ್ಲು, ವಿಟ್ರಿಫೈಡ್ ಟೈಲ್‌ಗಳು ಕೋಣೆಯ ಗಾಳಿಗಿಂತ ತಣ್ಣಗಿರುತ್ತವೆಂದಲ್ಲ. ಅವು ಪಾದದ ಶಾಖವನ್ನು ಮರ ಅಥವಾ ಚಾಪೆಗಿಂತ ಬಹುಬೇಗ ಹೀರಿಕೊಳ್ಳುತ್ತವೆ. ನೆಲದಡಿ ವಿದ್ಯುತ್ ಕೇಬಲ್ ಹಾಸಿ ಟೈಲನ್ನು ಹದವಾಗಿ ಬೆಚ್ಚಗಿಡುವ ವ್ಯವಸ್ಥೆಯನ್ನು ನಮ್ಮೂರಿನ ಕೆಲವು ಮನೆಗಳಲ್ಲಿ ಈಗ ಕೇಳುತ್ತಿರುವುದು ಈ ಕಾರಣಕ್ಕೇ.

ಮೊದಲಿಗೆ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಇಡೀ ಮನೆಗೆ ಇದನ್ನು ಹಾಸುವುದು ಬೆಂಗಳೂರಿನಲ್ಲಿ ದುಂದು. ಹಿರಿಯರು ಬಳಸುವ ಒಂದು ಬಚ್ಚಲುಮನೆಗೆ, ಹೆಚ್ಚೆಂದರೆ ಅವರ ಮಂಚದ ಪಕ್ಕದ ಎರಡು ಚದರ ಮೀಟರ್ ಜಾಗಕ್ಕೆ ಹಾಸಿದರೆ ಸಾಕು. ಅದನ್ನೂ ಹೇಗಿದ್ದರೂ ಟೈಲ್ ಬದಲಾಯಿಸಬೇಕಾಗಿ ಬಂದಾಗ ಮಾತ್ರ ಯೋಚಿಸಬೇಕು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇನ್ನೂ ಹೊಳೆಯುವ ರೆಡ್ ಆಕ್ಸೈಡ್ ನೆಲವನ್ನು ಇದಕ್ಕಾಗಿ ಒಡೆಯುವ ಮನಸ್ಸಿದ್ದರೆ, ದಯವಿಟ್ಟು ಒಂದು ಒಳ್ಳೆಯ ಚಾಪೆ ಕೊಂಡು ಸುಮ್ಮನಿರಿ.

ಈ ಕೆಲಸಕ್ಕೂ ಮನೆಯ ಬೇರೆ ವೈರಿಂಗ್ ಕೆಲಸಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಗೋಡೆಯೊಳಗಿನ ವೈರ್ ಕೆಟ್ಟರೆ ಪೈಪಿನಿಂದ ಎಳೆದು ಹೊಸದನ್ನು ಹಾಕಬಹುದು. ಹೀಟಿಂಗ್ ಕೇಬಲ್ ಅಂಟಿನಲ್ಲಿ ಹೂತು ಹೋಗಿ, ಅದರ ಮೇಲೆ ಟೈಲ್ ಕೂತು, ಆ ಟೈಲ್ ಮೇಲೆ ದಿನವೂ ನೀರು ಬಿದ್ದು, ಒದ್ದೆ ಪಾದ ಓಡಾಡುವ ಜಾಗದಲ್ಲಿರುತ್ತದೆ. ಆದ್ದರಿಂದ ಮೇಸ್ತ್ರಿ ಕೊನೆಯ ಟೈಲ್ ಕೂರಿಸುವ ಮೊದಲು ಏನನ್ನು ಅಳೆದಿರಿ, ಏನನ್ನು ಬರೆದಿಟ್ಟಿರಿ ಎಂಬುದರ ಮೇಲೆಯೇ ಮುಂದಿನ ಇಪ್ಪತ್ತು ವರ್ಷಗಳ ಸುರಕ್ಷತೆ ನಿಂತಿರುತ್ತದೆ.

ಮನೆಯ ವಿದ್ಯುತ್ ವ್ಯವಸ್ಥೆಯ ತಪಾಸಣೆ

ಕೇಬಲ್ ಕೊಳ್ಳುವುದಕ್ಕೆ ಮೊದಲು ಮನೆಯ ಡಿಬಿ ಪೆಟ್ಟಿಗೆಯ, ಅಂದರೆ ಎಲ್ಲ ಲೈನ್‌ಗಳೂ ಕವಲೊಡೆಯುವ ವಿತರಣಾ ಪೆಟ್ಟಿಗೆಯ, ಬಾಗಿಲು ತೆರೆದು ನೋಡಬೇಕು. ಅದರಲ್ಲಿ ಎಂಸಿಬಿಗಳು ಮಾತ್ರ ಇದ್ದು, ‘ಟಿ’ ಅಥವಾ ‘ಟೆಸ್ಟ್’ ಎಂದು ಬರೆದ ಸಣ್ಣ ಗುಂಡಿಯಿರುವ ಆರ್‌ಸಿಸಿಬಿ ಇಲ್ಲದಿದ್ದರೆ ಕೆಲಸ ಅಲ್ಲಿಂದಲೇ ಆರಂಭವಾಗಬೇಕು. ಎಂಸಿಬಿ ಕಾಪಾಡುವುದು ವೈರನ್ನು. ಹೆಚ್ಚು ಕರೆಂಟ್ ಹರಿದು ವೈರ್ ಸುಡದಂತೆ ಅದು ನೋಡಿಕೊಳ್ಳುತ್ತದೆ. ಮೂರು ಚದರ ಮೀಟರಿನ ಹೀಟಿಂಗ್ ಮ್ಯಾಟ್ ಎಳೆಯುವುದು ಸುಮಾರು 2 ಆಂಪಿಯರ್ ಮಾತ್ರ. ಅದರಿಂದ 50 ಮಿಲಿಆಂಪಿಯರ್ ಸೋರಿ ಮನುಷ್ಯನ ಮೈಮೇಲೆ ಹರಿದರೆ ಪ್ರಾಣಕ್ಕೇ ಅಪಾಯವಿದೆ, ಆದರೆ 16 ಆಂಪಿಯರ್‌ನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಫೇಸ್‌ನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲ್‌ನಲ್ಲಿ ಮರಳಿದ ಕರೆಂಟಿಗೂ ಇರುವ ವ್ಯತ್ಯಾಸವನ್ನು ಹಿಡಿದು ಕ್ಷಣಮಾತ್ರದಲ್ಲಿ ಲೈನ್ ಕಡಿಯುತ್ತದೆ. ನೆಲದಡಿಯ ಹೀಟಿಂಗ್‌ಗೆ 30 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಸೂಕ್ಷ್ಮವಾದ ಆರ್‌ಸಿಸಿಬಿ ಇರಲೇಬೇಕು. ಅಂಗಡಿಯಲ್ಲಿ 100 ಮತ್ತು 300 ಮಿಲಿಆಂಪಿಯರ್‌ನವೂ ಸಿಗುತ್ತವೆ, ಅವು ಈ ಕೆಲಸಕ್ಕೆ ಬರುವುದಿಲ್ಲ. ಕೊಳ್ಳುವಾಗ ಐಎಸ್ (ಭಾರತೀಯ ಮಾನದಂಡ) 12640 ಗುರುತನ್ನು ನೋಡಿ. ಆಗುವುದಾದರೆ ಹೀಟಿಂಗ್ ಲೈನಿಗೇ ಪ್ರತ್ಯೇಕವಾದ ಒಂದನ್ನು ಹಾಕಿಸಿದರೆ, ಅದು ಬಿದ್ದಾಗ ಇಡೀ ಮನೆ ಕತ್ತಲಾಗುವುದಿಲ್ಲ, ದೋಷ ಎಲ್ಲಿದೆಯೆಂಬುದೂ ಕೂಡಲೇ ತಿಳಿಯುತ್ತದೆ.

ಎರಡನೆಯದು ಅರ್ಥಿಂಗ್. ಹೀಟಿಂಗ್ ಕೇಬಲ್‌ನ ಸುತ್ತ ಲೋಹದ ಹೆಣಿಗೆಯ ಕವಚವೊಂದಿರುತ್ತದೆ. ಕೇಬಲ್‌ಗೆ ಮೊಳೆ ತಗುಲಿ ಗಾಯವಾದರೆ ಕರೆಂಟ್ ಮೊದಲು ಈ ಕವಚಕ್ಕೆ ಹರಿದು ಅರ್ತ್ ಮೂಲಕ ಭೂಮಿಗೆ ಇಳಿಯಲೆಂದೇ ಅದನ್ನು ಹಾಕಿರುತ್ತಾರೆ. ಮನೆಯ ಅರ್ತ್ ಗುಂಡಿ ಒಣಗಿ ಹೋಗಿದ್ದರೆ ಆ ಕವಚದಿಂದ ಹೆಚ್ಚಿನ ಉಪಯೋಗವಿಲ್ಲ. ನಮ್ಮ ಹಳೆಯ ಬಡಾವಣೆಗಳಲ್ಲಿ ಮನೆ ಕಟ್ಟುವಾಗ ತೋಡಿದ ಗುಂಡಿಯ ಮೇಲೆ ಆಮೇಲೆ ಕಾರ್ ನಿಲ್ಲಿಸಲು ಕಾಂಕ್ರೀಟ್ ಹಾಕಿರುವುದು ಅಪರೂಪವೇನಲ್ಲ. ಇನ್ನೂ ಅಪಾಯಕಾರಿಯಾದ ರೂಢಿಯೆಂದರೆ ಸಾಕೆಟ್‌ನ ಒಳಗೇ ಅರ್ತ್ ಪಿನ್ನಿಗೂ ನ್ಯೂಟ್ರಲ್‌ಗೂ ತುಂಡು ವೈರ್ ಜೋಡಿಸಿಬಿಡುವುದು. ಟೆಸ್ಟರ್ ದೀಪ ಉರಿಯಿತೆಂಬ ಮಾತ್ರಕ್ಕೆ ಅರ್ತ್ ಸರಿಯಿದೆಯೆಂದು ನಂಬದೆ, ಅರ್ತ್ ಟೆಸ್ಟರ್ ಇರುವ ಪರವಾನಗಿದಾರ ಎಲೆಕ್ಟ್ರಿಷಿಯನ್‌ರಿಂದ ಐಎಸ್ 3043 ಪ್ರಕಾರ ಅಳತೆ ಮಾಡಿಸಬೇಕು.

ಲೋಡ್ ಲೆಕ್ಕ ದೊಡ್ಡದಲ್ಲ. ಚದರ ಮೀಟರಿಗೆ 150 ವಾಟ್‌ನ ಮ್ಯಾಟನ್ನು ಮೂರು ಚದರ ಮೀಟರ್ ಹಾಸಿದರೆ 450 ವಾಟ್. ದಿನಕ್ಕೆ ಎರಡು ಗಂಟೆ ಉರಿಸಿದರೆ 0.9 ಯೂನಿಟ್, ತಿಂಗಳಿಗೆ 27. ನೆಲ ಬೇಕಾದಷ್ಟು ಬೆಚ್ಚಗಾದೊಡನೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ನಡುನಡುವೆ ಕಡಿಯುವುದರಿಂದ ನಿಜವಾದ ಬಳಕೆ ಇದಕ್ಕಿಂತ ಕಡಿಮೆಯೇ ಇರುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ನಮೂದಾಗಿರುವ ಮಂಜೂರಾದ ಲೋಡ್‌ಗೆ ಗೀಸರ್ ಸೇರಿ ಎಲ್ಲವೂ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಿ. ಗೃಹಜ್ಯೋತಿಯಲ್ಲಿರುವ ಮನೆಯಾದರೆ ಇನ್ನೊಂದು ಲೆಕ್ಕವೂ ಇದೆ: 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕಾಗುವುದರಿಂದ, ಅಂಚಿನಲ್ಲಿರುವವರಿಗೆ ಈ 27 ಯೂನಿಟ್ ಸಣ್ಣ ಸಂಗತಿಯಲ್ಲ.

ಯಾವ ಕೇಬಲ್, ಎಷ್ಟು

ಬಿಡಿ ಕೇಬಲ್ ಮತ್ತು ಮ್ಯಾಟ್ ಎಂದು ಎರಡು ಬಗೆ ಸಿಗುತ್ತವೆ. ಮ್ಯಾಟ್ ಎಂದರೆ ಅರ್ಧ ಮೀಟರ್ ಅಗಲದ ನಾರಿನ ಬಲೆಗೆ ಸಮಾನ ಅಂತರದಲ್ಲಿ ಹೊಲಿದ ಅಥವಾ ಅಂಟಿಸಿದ ಕೇಬಲ್. ಮೂರು–ನಾಲ್ಕು ಮಿಲಿಮೀಟರ್ ದಪ್ಪವಿರುವುದರಿಂದ ಟೈಲ್ ಅಂಟಿನಲ್ಲಿಯೇ ಅಡಗುತ್ತದೆ. ಮೊದಲ ಸಲ ಮಾಡಿಸುವವರು ಮ್ಯಾಟನ್ನೇ ಆರಿಸಿಕೊಳ್ಳುವುದು ಮೇಲು, ಏಕೆಂದರೆ ಅಂತರ ತಪ್ಪುವ ಸಂಭವ ಕಡಿಮೆ. ಮೂಲೆ ಮುರುಕುಗಳು ಹೆಚ್ಚಿರುವ ಬಚ್ಚಲಿಗೆ ಬಿಡಿ ಕೇಬಲ್ ಅನುಕೂಲ. ಅದರ ಅಂತರವನ್ನು ಹೀಗೆ ಲೆಕ್ಕ ಹಾಕಬೇಕು: ಹಾಸುವ ಜಾಗದ ಚದರ ಮೀಟರನ್ನು ನೂರರಿಂದ ಗುಣಿಸಿ, ಕೇಬಲ್ ಉದ್ದದ ಮೀಟರಿನಿಂದ ಭಾಗಿಸಿದರೆ ಸೆಂಟಿಮೀಟರಿನಲ್ಲಿ ಅಂತರ ಬರುತ್ತದೆ. ಮೂರು ಚದರ ಮೀಟರಿಗೆ 30 ಮೀಟರ್ ಕೇಬಲ್ ಎಂದರೆ 10 ಸೆಂಟಿಮೀಟರ್. ಮರದ ಹಲಗೆ ಅಥವಾ ಲ್ಯಾಮಿನೇಟ್ ನೆಲಕ್ಕೆ ಬರುವ ಫಾಯಿಲ್ ಬಗೆಯನ್ನು ಬಚ್ಚಲಿಗೆ ತರಬಾರದು.

ಒಂದೇ ತುದಿಯಿಂದ ಸಂಪರ್ಕ ಪಡೆಯುವ ಜೋಡಿತಂತಿಯ ಕೇಬಲನ್ನೇ ಕೇಳಿ ಪಡೆಯಿರಿ. ಒಂಟಿತಂತಿಯದಾದರೆ ಎರಡೂ ತುದಿಗಳು ಥರ್ಮೋಸ್ಟಾಟ್‌ಗೆ ಮರಳಿ ಬರಬೇಕಾಗುತ್ತದೆ. ಸಣ್ಣ ಕೋಣೆಯಲ್ಲಿ ಅದೊಂದು ತಲೆನೋವು.

ಕೊಳ್ಳುವ ಅಳತೆ ಕೋಣೆಯದಲ್ಲ, ಖಾಲಿ ನೆಲದ್ದು. ಕಮೋಡ್ ಕೂರುವ ಜಾಗ, ನೆಲಕ್ಕೆ ತಾಗಿದ ಕಪಾಟು, ನೀರು ಹೊರಹೋಗುವ ನಹಾನಿ ಟ್ರ್ಯಾಪ್‌ನ ಸುತ್ತಲಿನ ಜಾಗ, ಗೋಡೆಯಂಚಿನ ಐದರಿಂದ ಹತ್ತು ಸೆಂಟಿಮೀಟರ್ ಇವಿಷ್ಟನ್ನೂ ಕಳೆಯಬೇಕು. ಕಮೋಡ್ ಕೆಳಗೆ ಬಿಡಬೇಕಾದ ಕಾರಣ ಶಾಖ ಸಿಕ್ಕಿಹಾಕಿಕೊಳ್ಳುತ್ತದೆಂಬುದಷ್ಟೇ ಅಲ್ಲ, ಟೈಲ್ ಕೆಲಸ ಮುಗಿದ ಮೇಲೆ ಬರುವ ಪ್ಲಂಬರ್ ಅದನ್ನು ನೆಲಕ್ಕೆ ಬಿಗಿಯಲು ಡ್ರಿಲ್ ಹಾಕುತ್ತಾರೆ. ಉಳಿದ ಜಾಗ 3.2 ಚದರ ಮೀಟರ್ ಬಂದರೆ 3ರ ಮ್ಯಾಟ್ ಕೊಳ್ಳಬೇಕೇ ಹೊರತು 3.5ರದ್ದನ್ನಲ್ಲ. ಉಳಿದದ್ದನ್ನು ಕತ್ತರಿಸಿದರಾಯಿತು ಎನ್ನುವ ಟೈಲ್ ಕೆಲಸದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮ್ಯಾಟ್‌ನ ಬಲೆಯನ್ನು ಕತ್ತರಿಸಬಹುದು, ಕೇಬಲನ್ನು ಎಂದಿಗೂ ಕತ್ತರಿಸಬಾರದು. ಉದ್ದ ಕಡಿಮೆಯಾದರೆ ರೋಧ ಇಳಿಯುತ್ತದೆ, ಅದೇ 230 ವೋಲ್ಟ್‌ಗೆ ಕರೆಂಟ್ ಏರುತ್ತದೆ, ಉಳಿದ ಕೇಬಲ್ ತಾಳಿಕೆಗೆ ಮೀರಿ ಕಾಯುತ್ತದೆ.

ಮೂರು ಸಲದ ಅಳತೆ

ಮಲ್ಟಿಮೀಟರ್ ಮನೆಯಲ್ಲಿಲ್ಲದಿದ್ದರೆ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಕೇಬಲ್‌ನ ನಿರೋಧನ ಗಟ್ಟಿಯಿದೆಯೇ ಎಂದು ಅಳೆಯುವ ಮೆಗ್ಗರ್ ಮಾತ್ರ ಎಲೆಕ್ಟ್ರಿಷಿಯನ್ ತರಬೇಕು. ತಮ್ಮಲ್ಲಿ ಮೆಗ್ಗರ್ ಇಲ್ಲವೆನ್ನುವವರಿಗೆ ಈ ಕೆಲಸ ಒಪ್ಪಿಸದಿರುವುದೇ ಲೇಸು.

ಮೊದಲ ಅಳತೆ ಡಬ್ಬಿಯಿಂದ ತೆಗೆದ ಕೂಡಲೇ ನಡೆಯಬೇಕು. ಫೇಸ್ ಮತ್ತು ನ್ಯೂಟ್ರಲ್ ತಂತಿಗಳ ನಡುವಿನ ರೋಧವನ್ನು ಓಂನಲ್ಲಿ ಅಳೆದು, ಡಬ್ಬಿಯ ಮೇಲಿನ ಅಂಕಿಯೊಂದಿಗೆ ಹೋಲಿಸಿ. ಅಂಕಿ ಬರೆದಿಲ್ಲವಾದರೆ ವೋಲ್ಟೇಜಿನ ವರ್ಗವನ್ನು ವಾಟ್‌ನಿಂದ ಭಾಗಿಸಿದರೆ ಸಿಗುತ್ತದೆ: 230ರ ವರ್ಗ 52,900, ಅದನ್ನು 450ರಿಂದ ಭಾಗಿಸಿದರೆ ಸುಮಾರು 117.5 ಓಂ. ಶೇಕಡಾ 5 ಕಡಿಮೆ, ಶೇಕಡಾ 10 ಹೆಚ್ಚು ಎಂಬಷ್ಟು ವ್ಯತ್ಯಾಸವನ್ನು ಬಹುತೇಕ ತಯಾರಕರು ಒಪ್ಪುತ್ತಾರೆ. ಆಮೇಲೆ ಫೇಸ್–ಅರ್ತ್ ಮತ್ತು ನ್ಯೂಟ್ರಲ್–ಅರ್ತ್ ನಡುವೆ ನೋಡಿದರೆ ಮೀಟರ್ ಏನನ್ನೂ ತೋರಿಸಬಾರದು, ಸಂಪರ್ಕವೇ ಇಲ್ಲದಂತಿರಬೇಕು. ಮೆಗ್ಗರ್‌ನಿಂದ 500 ವೋಲ್ಟ್ ಡಿಸಿ ಕೊಟ್ಟಾಗ ನಿರೋಧನದ ಅಳತೆ ತಯಾರಕರು ಹೇಳಿದ ಮೆಗಾಓಂಗಿಂತ ಇಳಿಯಬಾರದು. ನೆಲದ ಬಿಸಿಯನ್ನು ಥರ್ಮೋಸ್ಟಾಟ್‌ಗೆ ತಿಳಿಸುವ ಸೆನ್ಸರ್‌ನ ರೋಧವನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ಸಿಗುವ ಸೆನ್ಸರ್‌ಗಳು 25 ಡಿಗ್ರಿಯಲ್ಲಿ 10 ಕಿಲೋಓಂ ತೋರಿಸುತ್ತವೆ, ತಣ್ಣಗಾದಷ್ಟೂ ಈ ಅಂಕಿ ಏರುತ್ತದೆ.

ಎರಡನೆಯದು ಮ್ಯಾಟ್ ಹಾಸಿ ಮುಗಿದು ಅಂಟು ಬೀಳುವ ಮೊದಲು, ಮೂರನೆಯದು ಟೈಲ್ ಕೂತು ಸಂದು ತುಂಬುವ ಮೊದಲು. ಇವೆರಡರ ನಡುವೆಯೂ ಮೀಟರನ್ನು ತಂತಿಗೆ ಸಿಕ್ಕಿಸಿಟ್ಟು ಆಗಾಗ ಕಣ್ಣು ಹಾಯಿಸುವುದು ಒಳ್ಳೆಯದು. ನಮ್ಮ ತಾಯಿಯವರ ಬಚ್ಚಲುಮನೆಯ ಕೆಲಸದಲ್ಲಿ ಹೀಗೆ ಮಾಡಿದ್ದರಿಂದಲೇ ಒಂದು ಅನಾಹುತ ತಪ್ಪಿತು. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಮೀಟರ್ ಖಾಲಿಯಾಗಿತ್ತು. ಅಂಟು ಕೆರೆಯುವಾಗ ಕರಣೆಯ ಅಂಚು ಕೇಬಲನ್ನು ಕಡಿದಿತ್ತು. “ಸಾರ್, ಟಿವಿ ವೈರ್ ಥರಾನೇ ಇದೆ, ಟೇಪ್ ಸುತ್ತಿಬಿಡೋಣ” ಎಂದರು ಮೇಸ್ತ್ರಿ. ಟೇಪ್ ಸುತ್ತಿದ ಜೋಡಣೆ ಒದ್ದೆ ನೆಲದಡಿ ಉಳಿಯುವುದಿಲ್ಲ. ಎರಡು ಟೈಲ್ ಎತ್ತಿಸಿ, ತಯಾರಕರದೇ ಜೋಡಣೆಯ ಕಿಟ್ ತರಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಸರಿಪಡಿಸಿ, ಮತ್ತೆ ಮೆಗ್ಗರ್ ಹಾಕಿದ ಮೇಲೆಯೇ ಕೆಲಸ ಮುಂದುವರಿಯಿತು. ಸಂಜೆ ನೋಡಿದ್ದರೆ ಎಷ್ಟು ಟೈಲ್ ಎತ್ತಬೇಕಾಗುತ್ತಿತ್ತೋ!

ಕೇಬಲ್ ಕೆಲಸ ಮಾಡುತ್ತದೆಯೇ ನೋಡೋಣವೆಂದು ಸುರುಳಿಯಲ್ಲಿರುವಾಗಲೇ ಪ್ಲಗ್ ಹಾಕುವ ಆಸೆ ಬರಬಹುದು. ಹಾಗೆ ಮಾಡಿದರೆ ಒಂದಕ್ಕೊಂದು ತಾಗಿದ ಸುತ್ತುಗಳ ಶಾಖ ಹೋಗಲು ದಾರಿಯಿಲ್ಲದೆ ಹೊರ ಕವಚ ಕರಗುತ್ತದೆ.

ಹಾಸುವ ಕ್ರಮ

ಬಚ್ಚಲಿನ ತಗ್ಗಿದ ಸ್ಲ್ಯಾಬ್‌ನ ನೀರು ತಡೆ ಕೆಲಸ ಮುಗಿದು, ಟ್ರ್ಯಾಪ್‌ನ ಕಡೆಗೆ ವಾಟ ಕೊಟ್ಟು ಸಿಮೆಂಟ್ ಗಾರೆ ಹಾಕಿ, ಅದು ಪೂರ್ತಿ ಆರಿದ ಮೇಲೆ ಹೀಟಿಂಗ್ ಕೆಲಸ ಆರಂಭವಾಗುತ್ತದೆ. ವಾಟವನ್ನು ಈ ಹಂತದಲ್ಲೇ ರಸಮಟ್ಟ ಇಟ್ಟು ಖಚಿತಪಡಿಸಿಕೊಳ್ಳಿ. ಅದನ್ನು ಆಮೇಲೆ ಅಂಟಿನ ದಪ್ಪದಲ್ಲಿ ಸರಿದೂಗಿಸಲು ಹೊರಟರೆ ಒಂದೆಡೆ ಕೇಬಲ್ ಮೇಲಕ್ಕೆ ಬರುತ್ತದೆ, ಇನ್ನೊಂದೆಡೆ ಆಳಕ್ಕೆ ಹೋಗುತ್ತದೆ. ಉಬ್ಬಿದ ಕಲ್ಲಿನ ಚೂರು, ಕಂಬಿಯ ತುದಿ ಏನಿದ್ದರೂ ಕೆತ್ತಿ ತೆಗೆದು ಗುಡಿಸಬೇಕು.

ಅದರ ಮೇಲೆ ಆರರಿಂದ ಹತ್ತು ಮಿಲಿಮೀಟರ್ ದಪ್ಪದ, ಸಿಮೆಂಟ್ ಲೇಪವಿರುವ ಗಟ್ಟಿ ಶಾಖನಿರೋಧಕ ಹಲಗೆಯನ್ನು ಅಂಟಿಸಬೇಕು. ಇದನ್ನು ಬಿಟ್ಟರೆ ಶಾಖದ ಬಹುಪಾಲು ಸ್ಲ್ಯಾಬ್‌ಗೆ ಇಳಿದು ಕೆಳಮನೆಯವರ ಸೂರು ಬೆಚ್ಚಗಾಗುತ್ತದೆ. ಉಳಿತಾಯಕ್ಕೆಂದು ಪ್ಯಾಕಿಂಗ್‌ನ ಥರ್ಮಕೋಲ್ ಹಾಕುವವರಿದ್ದಾರೆ. ಅದು ಭಾರಕ್ಕೆ ಕುಸಿದು ಟೈಲ್ ಸಂದುಗಳು ಬಿರಿಯುತ್ತವೆ.

ಇಲ್ಲಿ ಟೈಲನ್ನು ಯಾವುದರಲ್ಲಿ ಕೂರಿಸುತ್ತೀರಿ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಬಹುತೇಕ ಮೇಸ್ತ್ರಿಗಳಿಗೆ ಒಂದೂವರೆ–ಎರಡು ಅಂಗುಲದ ಸಿಮೆಂಟ್ ಗಾರೆ ಹರಡಿ, ಮೇಲೆ ಸಿಮೆಂಟ್ ಹಾಲು ಸುರಿದು ಟೈಲ್ ಕೂರಿಸುವುದು ರೂಢಿ. ಅಷ್ಟು ದಪ್ಪದ ಗಾರೆಯನ್ನೂ ಮೇಲಿನ ಗ್ರಾನೈಟನ್ನೂ ಕಾಯಿಸಲು ಗಂಟೆಗಳೇ ಬೇಕು. ಐದೂವರೆಯ ಸ್ನಾನಕ್ಕೆ ನಡುರಾತ್ರಿಯೇ ಸ್ವಿಚ್ ಹಾಕಬೇಕಾದೀತು. ಬಿಸಿಯಾದಾಗ ಹಿಗ್ಗಿ ತಣಿದಾಗ ಕುಗ್ಗುವುದನ್ನು ತಾಳುವ, ಬಾಗುವ ಗುಣದ ಟೈಲ್ ಅಂಟು ಬಳಸಿ. ಚೀಲದ ಮೇಲೆ ಐಎಸ್ 15477 ಗುರುತೂ, ಅಂತಾರಾಷ್ಟ್ರೀಯ ವರ್ಗೀಕರಣದ ಸಿ2ಎಸ್1 ಎಂಬ ಗುರುತೂ ಇದ್ದರೆ ಸರಿ. ಹಲಗೆ, ಅಂಟು, ಎಂಟು–ಹತ್ತು ಮಿಲಿಮೀಟರ್ ಟೈಲ್ ಇಷ್ಟೇ ಇದ್ದರೆ ಅರ್ಧ–ಮುಕ್ಕಾಲು ಗಂಟೆಯಲ್ಲಿ ಪಾದಕ್ಕೆ ಬೆಚ್ಚನೆ ಗೊತ್ತಾಗುತ್ತದೆ.

ಹಲಗೆಯ ಮೇಲೆ ಮಾರ್ಕರ್‌ನಿಂದ ಕಮೋಡ್, ಟ್ರ್ಯಾಪ್, ಕಪಾಟುಗಳ ಗಡಿ ಬರೆದು, ಮ್ಯಾಟನ್ನು ಬಾಗಿಲ ಕಡೆಯಿಂದ ಬಿಚ್ಚುತ್ತಾ ಹೋಗಿ. ತಿರುವು ಬಂದಲ್ಲಿ ಬಲೆಯನ್ನು ಮಾತ್ರ ಅಡ್ಡಕ್ಕೆ ಕತ್ತರಿಸಿ, ಕೇಬಲನ್ನು ಹಾಗೆಯೇ ಬಿಟ್ಟು, ಮ್ಯಾಟನ್ನು ತಿರುಗಿಸಿ ಪಕ್ಕದ ಸಾಲಿಗೆ ತರಬೇಕು. ಎಲ್ಲಿಯೂ ಕೇಬಲ್ ಮೇಲೆ ಕೇಬಲ್ ಹಾಯಬಾರದು, ತಾಗಬಾರದು. ಬಾಗುವಲ್ಲಿ ಚೂಪಾಗಿ ಮಡಿಸದೆ ದುಂಡಾಗಿ ತಿರುಗಿಸಬೇಕು. ಕಾಯುವ ಕೇಬಲ್ ಮುಗಿದು ಕಾಯದ ತುದಿತಂತಿ ಆರಂಭವಾಗುವ ದಪ್ಪನೆಯ ಗಂಟು ಇದೆಯಲ್ಲ, ಅದು ಗೋಡೆಯೊಳಗಿನ ಪೈಪಿಗೆ ಹೋಗಬಾರದು. ಅದರ ತೊಡಕೆಂದರೆ ಅದು ಕೇಬಲ್‌ಗಿಂತ ದಪ್ಪ. ಹಲಗೆಯಲ್ಲಿ ಸಣ್ಣ ತೋಡು ಮಾಡಿ ಅದರೊಳಗೆ ಕೂರಿಸಿ ಅಂಟಿನಲ್ಲಿಯೇ ಮುಚ್ಚಿದರೆ ಟೈಲ್ ಏರುಪೇರಾಗುವುದಿಲ್ಲ. ಕೊನೆಯ ತುದಿಯ ಮುಚ್ಚಳದ ಗಂಟಿಗೂ ಇದೇ ಕ್ರಮ.

ಸೆನ್ಸರನ್ನು ನೇರವಾಗಿ ಅಂಟಿನಲ್ಲಿ ಹೂಳದೆ, ತುದಿ ಮುಚ್ಚಿದ ಸಣ್ಣ ಪೈಪಿನೊಳಗೆ ಇಟ್ಟು, ಎರಡು ಕೇಬಲ್ ಸಾಲುಗಳ ಸರಿ ನಡುವೆ ಬರುವಂತೆ ಕೂರಿಸಬೇಕು. ಮುಂದೊಮ್ಮೆ ಸೆನ್ಸರ್ ಕೆಟ್ಟರೆ ಎಳೆದು ಬದಲಾಯಿಸಲು ಇದೊಂದೇ ದಾರಿ. ಪೈಪ್ ಗೋಡೆಗೆ ಏರುವ ತಿರುವು ಚೂಪಾಗಿದ್ದರೆ ಸೆನ್ಸರ್ ಸರಿಯುವುದಿಲ್ಲವಾದ್ದರಿಂದ, ಹೂಳುವ ಮೊದಲೇ ಒಮ್ಮೆ ಎಳೆದು ಮತ್ತೆ ತೂರಿಸಿ ನೋಡಿ.

ಹಾಸಿದ್ದು ಮುಗಿದಾಗ, ಗೋಡೆಗಳೂ ಬಾಗಿಲೂ ಕಾಣುವಂತೆ, ಅಳತೆಯ ಟೇಪನ್ನು ನೆಲದ ಮೇಲೆ ಬಿಡಿಸಿಟ್ಟು ನಾಲ್ಕು ಮೂಲೆಗಳಿಂದ ಫೋಟೋ ತೆಗೆಯಿರಿ. ಆಮೇಲೆ ಹಲ್ಲಿನ ಕರಣೆಯನ್ನು ನೇರ ಬಳಸದೆ, ಮೊದಲು ಪ್ಲಾಸ್ಟಿಕ್ ಅಥವಾ ನಯವಾದ ಅಂಚಿನ ಕರಣೆಯಿಂದ ಕೇಬಲ್ ಪೂರ್ತಿ ಮುಚ್ಚುವಂತೆ ಒಂದು ಪದರ ಅಂಟು ಎಳೆದು ಆರಲು ಬಿಡಬೇಕು. ಬಚ್ಚಲಾದ್ದರಿಂದ ಈ ಪದರದ ಮೇಲೆ ನೀರು ತಡೆಯುವ ಬಾಗುವ ಲೇಪನವನ್ನು ಬಳಿಸಿ, ಅದರ ಮೇಲೆ ಟೈಲ್ ಕೂರಿಸುವುದು ಸರಿಯಾದ ಕ್ರಮ. ಟೈಲಿನ ನಾಲ್ಕು ಮೂಲೆಗೆ ನಾಲ್ಕು ಉಂಡೆ ಅಂಟು ಇಟ್ಟು ಒತ್ತುವ ಪದ್ಧತಿಯನ್ನು ಕಡ್ಡಾಯವಾಗಿ ನಿಲ್ಲಿಸಿ. ಕೇಬಲ್ ಸುತ್ತ ಗಾಳಿಯ ಟೊಳ್ಳು ಉಳಿದರೆ ಅಲ್ಲಿ ಶಾಖ ಹರಡದೆ ಕೇಬಲ್ ಅತಿಯಾಗಿ ಕಾಯುತ್ತದೆ. ಕೂರಿಸಿದ ಪ್ರತಿ ಟೈಲನ್ನೂ ಬೆರಳ ಗಿಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಆಗಲೇ ಎತ್ತಿಸಿ. ಟೈಲ್ ಕತ್ತರಿಸುವ ಮೆಷಿನ್ ಮನೆಯ ಹೊರಗೇ ಇರಲಿ; ಕೂತ ಟೈಲಿನ ಅಂಚನ್ನು ಕೂತಲ್ಲೇ ಕೊಯ್ಯಲು ಬಿಡಬೇಡಿ.

ಸಂಪರ್ಕ

ಇದು ಪೂರ್ತಿಯಾಗಿ ಪರವಾನಗಿಯಿರುವ ಎಲೆಕ್ಟ್ರಿಷಿಯನ್‌ರ ಕೆಲಸ. ಓದುಗರು ಮಾಡಬೇಕಾದದ್ದು ನಿಂತು ನೋಡುವುದು ಮಾತ್ರ. ಡಿಬಿಯಿಂದ ಆರ್‌ಸಿಸಿಬಿ ಮತ್ತು ಎಂಸಿಬಿ ಮೂಲಕ ಹೀಟಿಂಗ್‌ಗೆಂದೇ ಬೇರೆ ಲೈನ್ ಬರಬೇಕು, ಗೀಸರ್‌ನ ಪಾಯಿಂಟಿನಿಂದ ಕವಲು ತೆಗೆಯಬಾರದು. ಥರ್ಮೋಸ್ಟಾಟ್ ಹಾಗೂ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ ಎರಡೂ ಬಚ್ಚಲುಮನೆಯ ಹೊರಗೋಡೆಯಲ್ಲಿರಬೇಕು. ಐದಡಿ–ಏಳಡಿಯ ನಮ್ಮ ಬಚ್ಚಲುಗಳಲ್ಲಿ ನೀರು ಸಿಡಿಯದ ಗೋಡೆಯೆಂಬುದೇ ಇಲ್ಲ.

ಬಣ್ಣಗಳ ವಿಷಯದಲ್ಲಿ ಎಚ್ಚರ. ಹೊರದೇಶದಿಂದ ಬಂದ ಕೇಬಲ್‌ಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು–ಹಳದಿ ಅರ್ತ್. ನಮ್ಮ ಹಳೆಯ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್‌ಗಳು, ಕಪ್ಪು ನ್ಯೂಟ್ರಲ್. ನೀಲಿ ಕಂಡೊಡನೆ ಫೇಸ್ ಎಂದುಕೊಳ್ಳುವ ಅಭ್ಯಾಸದ ಕೈ ಇಲ್ಲಿ ತಪ್ಪಬಹುದು.

ಮನೆಯಲ್ಲಿ ಯುಪಿಎಸ್ ಇದ್ದರೆ ಹೀಟಿಂಗನ್ನು ಅದಕ್ಕೆ ಸೇರಿಸಬೇಡಿ. ಬ್ಯಾಟರಿ ಬರಿದಾಗುವುದು ಒಂದು ಕಾರಣ. ಯುಪಿಎಸ್‌ನ ನ್ಯೂಟ್ರಲ್ಲೂ ಮುಖ್ಯ ಲೈನಿನ ನ್ಯೂಟ್ರಲ್ಲೂ ಎಲ್ಲೋ ಒಂದೆಡೆ ಬೆರೆತಿದ್ದರೆ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತಲೇ ಇರುತ್ತದೆ. ಆಗ ಕೆಲವರು ಹೇಳುವ ಪರಿಹಾರ ಆರ್‌ಸಿಸಿಬಿಯನ್ನೇ ತೆಗೆದು ನೇರ ಜೋಡಿಸುವುದು. ಅದಕ್ಕೆ ಒಪ್ಪದೆ ನ್ಯೂಟ್ರಲ್‌ಗಳನ್ನು ಬೇರ್ಪಡಿಸಲು ಹೇಳಿ.

ಮೊದಲ ಬಿಸಿ, ಆಮೇಲಿನ ಬಳಕೆ

ಅಂಟು ಆರಿಸಲೆಂದು ಹೀಟಿಂಗ್ ಹಾಕುವುದು ಸಲ್ಲದು. ತೆಳು ಅಂಟಿನಲ್ಲಿ ಹಾಸಿದ್ದರೆ ಚೀಲದ ಮೇಲೆ ಹೇಳಿದಷ್ಟು ದಿನ, ಸಾಮಾನ್ಯವಾಗಿ ವಾರಕ್ಕೆ ಕಡಿಮೆಯಿಲ್ಲದಂತೆ ಕಾಯಬೇಕು. ದಪ್ಪ ಗಾರೆಯಲ್ಲಿ ಹೂತಿದ್ದರೆ 28 ದಿನ. ಆಮೇಲೆ 20 ಡಿಗ್ರಿಯಿಂದ ಆರಂಭಿಸಿ ದಿನಕ್ಕೆ ಎರಡು ಮೂರು ಡಿಗ್ರಿಯಂತೆ ಏರಿಸುತ್ತಾ ಹೋಗಿ. ಬಚ್ಚಲಿನ ನೆಲದ ಮೇಲ್ಮೈಗೆ 33 ಡಿಗ್ರಿಯನ್ನು ಮೇಲ್ಮಿತಿಯಾಗಿ ಯುರೋಪಿನ ಮಾನದಂಡ ಇಟ್ಟುಕೊಂಡಿದೆ. ಬೆಂಗಳೂರಿಗೆ 27–28 ಧಾರಾಳ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿರುವ ಹಿರಿಯರಿದ್ದರೆ ಬಿಸಿ ಹೆಚ್ಚಾದದ್ದು ಅವರಿಗೆ ತಿಳಿಯುವುದಿಲ್ಲವಾದ್ದರಿಂದ, ಥರ್ಮೋಸ್ಟಾಟ್‌ನ ಗರಿಷ್ಠ ಮಿತಿಯನ್ನೇ ಅಷ್ಟಕ್ಕೆ ಕಟ್ಟಿ ಬೀಗ ಹಾಕುವ ಅನುಕೂಲವನ್ನು ಬಳಸಿಕೊಳ್ಳಿ. ದಪ್ಪ ರಬ್ಬರ್ ಮ್ಯಾಟ್, ಅಡಿ ಚಪ್ಪಟೆಯಾದ ಪ್ಲಾಸ್ಟಿಕ್ ಟಬ್‌ಗಳನ್ನು ಬಿಸಿ ನೆಲದ ಮೇಲೆ ಬಿಟ್ಟರೆ ಅವುಗಳಡಿ ಶಾಖ ಕೂಡಿಕೊಳ್ಳುತ್ತದೆ; ಜಾರದಿರಲೆಂದು ರಬ್ಬರ್ ಮ್ಯಾಟ್ ಹಾಸುವ ಮನೆಗಳಲ್ಲಿ ಸ್ನಾನ ಮುಗಿದ ಮೇಲೆ ಅದನ್ನು ಎತ್ತಿ ಗೋಡೆಗೆ ಒರಗಿಸಿ.

ಮೂರು ಸಲದ ಅಳತೆಗಳು, ದಿನಾಂಕ, ಫೋಟೋಗಳ ಪ್ರತಿ, ‘ಈ ನೆಲಕ್ಕೆ ಡ್ರಿಲ್ ಹಾಕಬೇಡಿ’ ಎಂಬ ದೊಡ್ಡಕ್ಷರದ ಸಾಲು ಇವನ್ನು ಒಂದು ಹಾಳೆಯಲ್ಲಿ ಸೇರಿಸಿ ಡಿಬಿ ಬಾಗಿಲಿನ ಒಳಮೈಗೆ ಅಂಟಿಸಿ. ಬಾಡಿಗೆಗೆ ಕೊಟ್ಟಾಗ, ಮಾರಿದಾಗ, ಹೊಸ ಪ್ಲಂಬರ್ ಬಂದಾಗ ಮೊದಲು ತೋರಿಸಬೇಕಾದದ್ದು ಈ ಹಾಳೆ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದೊಡನೆ ಅದು ಬೀಳದಿದ್ದರೆ ಬದಲಾಯಿಸುವವರೆಗೆ ಹೀಟಿಂಗ್ ಬಳಸಬೇಡಿ. ಮಳೆಗಾಲವೆಲ್ಲ ಆರಿಸಿಟ್ಟು ನವೆಂಬರಿನಲ್ಲಿ ಮತ್ತೆ ಹಾಕುವ ಮೊದಲು, ಲೈನ್ ಆರಿಸಿ, ಥರ್ಮೋಸ್ಟಾಟ್‌ನಿಂದ ಕೇಬಲ್ ಬಿಡಿಸಿ, ಎಲೆಕ್ಟ್ರಿಷಿಯನ್‌ರಿಂದ ಅದೇ ಓಂ, ಅದೇ ಮೆಗಾಓಂಗಳನ್ನು ಮತ್ತೊಮ್ಮೆ ಅಳೆಯಿಸಿ, ಹಾಳೆಯ ಹಳೆಯ ಅಂಕಿಗಳ ಕೆಳಗೆ ಬರೆಸಿ.